ಓದುಗರ ಪ್ರಶ್ನೆ, ನಮ್ಮ ಉತ್ತರ: ತ್ರೀಡಿ ಮಾದರಿಯ ಭಾರ ಇಳಿಸುವ ಬಗೆ

ಫೋಟೊ, ಡ್ರೋನ್ ಮತ್ತು ಸ್ಕ್ಯಾನರ್‌ನಿಂದ ಮಾಡಿದ ತ್ರೀಡಿ ಮಾದರಿಗಳು ಸಣ್ಣ ನೆಟ್‌ವರ್ಕ್‌ನಲ್ಲಿ ತೆರೆಯುತ್ತಿಲ್ಲ ಎಂಬ ದೂರಿನ ಪತ್ರಗಳು ಈ ಬಾರಿ ಹೆಚ್ಚು ಬಂದಿವೆ. ಅವುಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರ ಹೊಯ್ಸಳ ದೇವಸ್ಥಾನದ ಒಂದು ಮದನಿಕೆ ಶಿಲ್ಪವನ್ನು 400 ಫೋಟೊ ತೆಗೆದು ತ್ರೀಡಿ ಮಾಡಿದ್ದೇವೆ. ಎತ್ತರ 1.2 ಮೀಟರ್. ಬಂದದ್ದು 40 ಲಕ್ಷ ತ್ರಿಕೋನಗಳ ಓಬಿಜೆ ಫೈಲ್, 450 ಎಂಬಿ. ಜೊತೆಗೆ 8192 × 8192 ಪಿಕ್ಸೆಲ್‌ನ ಪಿಎನ್‌ಜಿ ಚಿತ್ರ, 110 ಎಂಬಿ. ಊರಿನ ನೆಟ್‌ವರ್ಕ್ 2 ಎಂಬಿಪಿಎಸ್ ದಾಟುವುದಿಲ್ಲ. ಮೊಬೈಲಿನಲ್ಲಿ ಕಾಣುವ ಹಾಗೆ ಮಾಡುವುದು ಹೇಗೆ? – ಹಾಸನ ಜಿಲ್ಲೆಯ ಓದುಗರು

ಉತ್ತರ: ಮೊದಲು ಲೆಕ್ಕ ಹಾಕೋಣ. 2 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 250 ಕೆಬಿ. ಈ ವೇಗದಲ್ಲಿ ನಿಮ್ಮ 560 ಎಂಬಿ ಇಳಿಯಲು 37 ನಿಮಿಷ ಬೇಕು. ನೋಡುವವರು 20 ಸೆಕೆಂಡ್ ಕಾಯುತ್ತಾರೆ ಎಂದುಕೊಂಡರೆ ಎಲ್ಲ ಸೇರಿ 5 ಎಂಬಿ ಮೀರಬಾರದು. ಈ 5 ಎಂಬಿಯನ್ನೇ ಗುರಿ ಇಟ್ಟುಕೊಳ್ಳಿ.

ಓಬಿಜೆ ಅಕ್ಷರರೂಪದ ಫೈಲ್. ಒಂದೊಂದು ಅಂಕಿಯನ್ನೂ ಅಕ್ಷರವಾಗಿ ಬರೆಯುತ್ತದೆ. ಅದನ್ನು ಜಿಎಲ್‌ಬಿಗೆ, ಅಂದರೆ ಕ್ರೋನೋಸ್ ಸಂಸ್ಥೆಯ ಜಿಎಲ್‌ಟಿಎಫ್ 2.0 ಮಾನಕದ ಬೈನರಿ ರೂಪಕ್ಕೆ ತಂದರೆ ಏನನ್ನೂ ಕಳೆದುಕೊಳ್ಳದೆ ಕಾಲು ಭಾಗಕ್ಕೆ ಇಳಿಯುತ್ತದೆ. 40 ಲಕ್ಷ ತ್ರಿಕೋನಗಳಿಗೆ ಸುಮಾರು 20 ಲಕ್ಷ ವರ್ಟೆಕ್ಸ್, ಅಂದರೆ ಮೂಲೆಬಿಂದುಗಳಿರುತ್ತವೆ. ಒಂದಕ್ಕೆ ಸ್ಥಾನಕ್ಕೆ 12, ನಾರ್ಮಲ್‌ಗೆ (ಮೇಲ್ಮೈ ಮುಖಮಾಡಿದ ದಿಕ್ಕಿಗೆ) 12, ಟೆಕ್ಸ್ಚರ್ ಅಂದರೆ ಮೇಲೆ ಅಂಟಿಸುವ ಚಿತ್ರದ ನಿರ್ದೇಶಾಂಕಕ್ಕೆ 8, ಒಟ್ಟು 32 ಬೈಟ್‌. ಅದು 64 ಎಂಬಿ. ತ್ರಿಕೋನಕ್ಕೆ 12 ಬೈಟ್‌ನಂತೆ ಇನ್ನೊಂದು 48 ಎಂಬಿ. ಒಟ್ಟು 112 ಎಂಬಿ ಆಯಿತು.

ಇಲ್ಲಿಂದ ಮುಂದೆ ಹೆಚ್ಚಿನವರು ತ್ರಿಕೋನಗಳನ್ನು ಅದುಮುವ ಡ್ರಾಕೊ ಎಂಬ ತಂತ್ರಾಂಶವನ್ನು ನೇರ ಹಾಕುತ್ತಾರೆ, ಅಲ್ಲೇ ಎಡವುತ್ತಾರೆ. 40 ಲಕ್ಷ ತ್ರಿಕೋನವನ್ನು ಎಷ್ಟೇ ಅದುಮಿದರೂ ಫೋನಿನಲ್ಲಿ ಬಿಚ್ಚಿದಾಗ ಅದು ಮತ್ತೆ 40 ಲಕ್ಷವೇ. ಅಂಗೈಯಗಲದ ಪರದೆಗೆ ಅಷ್ಟು ತ್ರಿಕೋನ ಬೇಡ. ಆದ್ದರಿಂದ ಮೊದಲು ತ್ರಿಕೋನ ಕಡಿಮೆ ಮಾಡಿ, ಕಳೆದುಹೋಗುವ ಕೆತ್ತನೆಯನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರದಲ್ಲಿ ಹಿಡಿದಿಡಬೇಕು. ಕ್ರಮ ಹೀಗಿದೆ.

ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಮೂಲ ಮೆಶ್‌ನ, ಅಂದರೆ ತ್ರಿಕೋನಗಳ ಜಾಲದ, ಪ್ರತಿ ಮಾಡಿ ಡೆಸಿಮೇಟ್ ಮಾಡಿಫೈಯರ್ ಹಾಕಿ, ಅನುಪಾತ 0.0375 ಕೊಡಿ. ಸುಮಾರು 1.5 ಲಕ್ಷ ತ್ರಿಕೋನ ಉಳಿಯುತ್ತವೆ. ಈ ಸಣ್ಣ ಮೆಶ್‌ಗೆ ಹೊಸದಾಗಿ ಯುವಿ ಬಿಡಿಸಿ, ಅಂದರೆ ಚಿತ್ರ ಅಂಟಿಸಲು ಮೇಲ್ಮೈಯನ್ನು ಕತ್ತರಿಸಿ ಚಪ್ಪಟೆ ಹಾಳೆಯಾಗಿ ಹರಡಿ. ಫೋಟೊದಿಂದ ಬಂದ ಮಾದರಿಯ ಹಳೆಯ ಯುವಿ ಸಾವಿರಾರು ಚೂರುಗಳಾಗಿರುತ್ತದೆ. ಚೂರಿನ ಅಂಚಿಗೆ ಬಂದ ಪ್ರತಿ ಮೂಲೆಬಿಂದು ಎರಡು ಮೂರು ಸಲ ಬರೆಯಲ್ಪಡುವುದರಿಂದ ಫೈಲ್ ಸುಮ್ಮನೆ ಊದುತ್ತದೆ. ಹೊಲಿಗೆಯನ್ನು, ಅಂದರೆ ಕತ್ತರಿಸುವ ಗೆರೆಯನ್ನು, ಶಿಲ್ಪದ ಬೆನ್ನು, ಕಂಬಕ್ಕೆ ತಾಗಿದ ಭಾಗ, ಪೀಠದ ಅಡಿ, ಹೀಗೆ ಕಣ್ಣಿಗೆ ಬೀಳದ ಕಡೆ ಇಡಿ.

ಆಮೇಲೆ ಬೇಕಿಂಗ್, ಅಂದರೆ ದೊಡ್ಡ ಮೆಶ್‌ನ ವಿವರವನ್ನು ಸಣ್ಣದರ ಚಿತ್ರಕ್ಕೆ ಇಳಿಸುವುದು. ಬ್ಲೆಂಡರ್‌ನ ರೆಂಡರ್ ಎಂಜಿನ್ ಆಗಿ ಸೈಕಲ್ಸ್ ಆಯ್ದುಕೊಂಡು, ದೊಡ್ಡ ಮೆಶ್ ಮೊದಲು, ಸಣ್ಣದು ಕೊನೆಗೆ ಆರಿಸಿ, ‘ಸೆಲೆಕ್ಟೆಡ್ ಟು ಆ್ಯಕ್ಟಿವ್’ ಗುರುತು ಹಾಕಿ. ಎಕ್ಸ್‌ಟ್ರೂಷನ್, ಅಂದರೆ ಬೇಕ್ ಮಾಡಲು ಸಣ್ಣ ಮೆಶ್ ಉಬ್ಬಿಸುವ ದೂರ, 5 ಮಿಲಿಮೀಟರ್‌ನಿಂದ ಶುರುಮಾಡಿ. ಕಡಿಮೆಯಾದರೆ ಉಬ್ಬಿದ ಕಡೆ ಕಪ್ಪು ಕಲೆ ಬೀಳುತ್ತದೆ. ಜಾಸ್ತಿಯಾದರೆ ಬೆರಳುಗಳ ನಡುವೆ, ಎಲೆತೋರಣದ ಸಂದಿನಲ್ಲಿ ಪಕ್ಕದ ಕಲ್ಲಿನ ಆಕಾರ ಬಂದು ಕೂರುತ್ತದೆ. ಒಮ್ಮೆ ನಾರ್ಮಲ್ ಬೇಕ್, ಇನ್ನೊಮ್ಮೆ ಡಿಫ್ಯೂಸ್‌ನಲ್ಲಿ ಕಲರ್ ಮಾತ್ರ ಉಳಿಸಿ ಬಣ್ಣದ ಬೇಕ್. ಎರಡೂ 2048 × 2048 ಸಾಕು, ಮಾರ್ಜಿನ್ 16 ಪಿಕ್ಸೆಲ್. ನಾರ್ಮಲ್ ಚಿತ್ರದ ಕಲರ್ ಸ್ಪೇಸ್ ‘ನಾನ್-ಕಲರ್’ ಇರಲೇಬೇಕು. ಮರೆತರೆ ಬೆಳಕು ತಪ್ಪು ಕಡೆಯಿಂದ ಬಿದ್ದಂತೆ ಕಾಣುತ್ತದೆ, ಮತ್ತು ಎಷ್ಟು ಹುಡುಕಿದರೂ ತಪ್ಪು ಎಲ್ಲಿದೆ ಎಂದು ಸಿಗುವುದಿಲ್ಲ.

2048 ಸಾಕು ಎನ್ನಲು ಕಾರಣವಿದೆ. ಇಷ್ಟು ಎತ್ತರದ ಶಿಲ್ಪದ ಮೇಲ್ಮೈ ಸುಮಾರು 2 ಚದರ ಮೀಟರ್ ಎಂದುಕೊಳ್ಳಿ. ಯುವಿ ಹಾಳೆಯ ಶೇ 70ರಷ್ಟು ಜಾಗ ಬಳಕೆಯಾದರೆ ಒಂದು ಪಿಕ್ಸೆಲ್‌ಗೆ ಕಲ್ಲಿನ ಮೇಲೆ 0.8 ಮಿಲಿಮೀಟರ್ ಬರುತ್ತದೆ. ಕೊರಳ ಹಾರದ ಮಣಿ 4 ಮಿಲಿಮೀಟರ್ ಇದ್ದರೆ ಅದರ ಅಡ್ಡಕ್ಕೆ ಐದು ಪಿಕ್ಸೆಲ್ ಸಿಗುತ್ತದೆ. ಗುಂಡಗಿನ ನೆರಳು ತೋರಿಸಲು ಅಷ್ಟು ಬೇಕು. 1024ಕ್ಕೆ ಇಳಿಸಿದರೆ ಎರಡೂವರೆ ಪಿಕ್ಸೆಲ್ ಮಾತ್ರ ಉಳಿದು ಮಣಿಸರ ಹೋಗಿ ಹುರಿಯಾಗುತ್ತದೆ. ಬಳಪದ ಕಲ್ಲಿನ ಈ ಕುಸುರಿಗಾಗಿಯೇ ಜನ ನೋಡುವುದು. ಉಳಿತಾಯ ಬೇರೆ ಕಡೆ ಮಾಡಿ, ಇಲ್ಲಿ ಬೇಡ.

ಕೊನೆಗೆ ಅದುಮುವ ಹಂತ. ಡ್ರಾಕೊದಲ್ಲಿ ಸ್ಥಾನಕ್ಕೆ 14 ಬಿಟ್, ನಾರ್ಮಲ್‌ಗೆ 10, ಯುವಿಗೆ 12 ಕೊಡಿ. ಜಿಎಲ್‌ಟಿಎಫ್-ಟ್ರಾನ್ಸ್‌ಫಾರ್ಮ್ ಎಂಬ ಉಚಿತ ಸಾಧನದಲ್ಲಿ ಇವೇ ಮೊದಲೇ ಇರುವ ಅಂಕಿಗಳು. 1.5 ಲಕ್ಷ ತ್ರಿಕೋನದ ಜ್ಯಾಮಿತಿ ಅರ್ಧ ಎಂಬಿಯ ಆಸುಪಾಸಿಗೆ ಬರುತ್ತದೆ. ಚಿತ್ರಗಳನ್ನು ಕೆಟಿಎಕ್ಸ್2 ಎಂಬ ಕುಗ್ಗಿದ ಚಿತ್ರರೂಪಕ್ಕೆ ತನ್ನಿ. ಅದರಲ್ಲಿ ಎರಡು ಬಗೆ: ಬಣ್ಣಕ್ಕೆ ಇಟಿಸಿ1ಎಸ್, ನಾರ್ಮಲ್‌ಗೆ ಯುಎಎಸ್‌ಟಿಸಿ. ನಾರ್ಮಲ್‌ಗೂ ಇಟಿಸಿ1ಎಸ್ ಹಾಕಿದರೆ ನಯವಾದ ಕೆನ್ನೆಯ ಮೇಲೆ ಚೌಕ ಚೌಕ ಕಾಣುತ್ತದೆ. ಯುಎಎಸ್‌ಟಿಸಿ ಚಿತ್ರ ದಪ್ಪ, ಆರ್‌ಡಿಒ ಮತ್ತು ಝಡ್‌ಸ್ಟ್ಯಾಂಡರ್ಡ್ ಎಂಬ ಕುಗ್ಗಿಸುವ ಆಯ್ಕೆಗಳನ್ನು ಹಾಕಿದ ಮೇಲೂ 3ರಿಂದ 4 ಎಂಬಿ ಬರಬಹುದು. ಕಲ್ಲಿಗೆ ಲೋಹದ ಗುಣವಿಲ್ಲ, ಒರಟುತನವೂ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮೆಟಾಲಿಕ್ 0, ರಫ್‌ನೆಸ್ 0.8 ಎಂದು ಅಂಕಿ ಕೊಟ್ಟು ಈ ಎರಡು ಗುಣಗಳನ್ನು ಹೊರುವ ಮೂರನೆಯ ಚಿತ್ರವನ್ನು ತೆಗೆದೇಬಿಡಿ. ಒಟ್ಟು 5 ಎಂಬಿಯೊಳಗೆ ಮುಗಿಯುತ್ತದೆ.

ಇನ್ನೊಂದು ಕೆಲಸ ಮಾಡಿ. ಇದೇ ಶಿಲ್ಪದ 5,000 ತ್ರಿಕೋನಗಳ, 512 ಪಿಕ್ಸೆಲ್ ಚಿತ್ರದ ಪುಟ್ಟ ಜಿಎಲ್‌ಬಿಯನ್ನೂ ಮಾಡಿಟ್ಟು ಅದನ್ನು ಮೊದಲು ಕಳಿಸಿ. 100 ಕೆಬಿಯ ಸುತ್ತಮುತ್ತ ಇರುವ ಅದು ಒಂದೆರಡು ಸೆಕೆಂಡಿನಲ್ಲಿ ಕಾಣಿಸಿಕೊಳ್ಳುತ್ತದೆ. ನೋಡುವವರು ಅದನ್ನು ತಿರುಗಿಸುತ್ತಿರುವಾಗ ದೊಡ್ಡದು ಹಿಂದಿನಿಂದ ಇಳಿದು ಜಾಗ ಬದಲಿಸಲಿ. 450 ಎಂಬಿಯ ಮೂಲ ಮತ್ತು 400 ಫೋಟೊಗಳನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ. ಒಮ್ಮೆ ಅದುಮಿದ್ದನ್ನು ಬಿಚ್ಚಿ ಮತ್ತೆ ಅದುಮಿದರೆ ಪ್ರತಿ ಸಲವೂ ಕೆಡುತ್ತದೆ.

ಪ್ರಶ್ನೆ: ದೇವಸ್ಥಾನದ 30 ಮೀಟರ್ ಉದ್ದದ ಹೊರಗೋಡೆಯನ್ನು ನಾಲ್ಕು ಭಾಗ ಮಾಡಿ, ಡ್ರಾಕೊದಲ್ಲಿ 11 ಬಿಟ್ ಇಟ್ಟು ಕುಗ್ಗಿಸಿದೆವು. ಹತ್ತಿರ ಹೋದರೆ ಆನೆಗಳ ಸಾಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಭಾಗಗಳು ಸೇರುವ ಕಡೆ ಬಿರುಕಿನಂತೆ ಬೆಳಕು ಬರುತ್ತದೆ. ಡ್ರಾಕೊ ಬಿಟ್ಟು ಮೆಶ್‌ಆಪ್ಟ್ ಹಾಕಬೇಕೆ? – ಚಿಕ್ಕಮಗಳೂರಿನ ಓದುಗರು

ಉತ್ತರ: ದೋಷ ಡ್ರಾಕೊದ್ದಲ್ಲ, 11ರದ್ದು. ಬಿಟ್ ಎಷ್ಟು ಎಂಬುದನ್ನು ವಸ್ತುವಿನ ಅಳತೆ ನೋಡಿ ನಿರ್ಧರಿಸಬೇಕು.

ಕ್ವಾಂಟೈಸೇಶನ್ ಎಂದರೆ ವಸ್ತುವನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆಯ ಉದ್ದವನ್ನು ಸಮ ಮನೆಗಳಾಗಿ ಕತ್ತರಿಸಿ, ಪ್ರತಿ ಬಿಂದುವನ್ನೂ ಹತ್ತಿರದ ಗೆರೆಗೆ ಕೂರಿಸುವುದು. 11 ಬಿಟ್‌ಗೆ 2,047 ಮನೆ. 30 ಮೀಟರನ್ನು ಅದರಿಂದ ಭಾಗಿಸಿದರೆ ಒಂದು ಮನೆ 14.7 ಮಿಲಿಮೀಟರ್. ನಾಲ್ಕು ಭಾಗ ಮಾಡಿ ಪ್ರತಿ ಭಾಗಕ್ಕೂ ಅದರದೇ 7.5 ಮೀಟರ್ ಪೆಟ್ಟಿಗೆ ಇದ್ದರೂ 3.7 ಮಿಲಿಮೀಟರ್. ಆನೆಯ ಸೊಂಡಿಲಿನ ಮಡಿಕೆಗಳು ಅದಕ್ಕಿಂತ ಸಣ್ಣವು. 14 ಬಿಟ್‌ಗೆ 16,383 ಮನೆ. 7.5 ಮೀಟರ್ ಭಾಗದಲ್ಲಿ ಮನೆಯ ಅಳತೆ 0.46 ಮಿಲಿಮೀಟರ್‌ಗೆ ಬರುತ್ತದೆ. ಪೂರಾ 30 ಮೀಟರನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಅಷ್ಟೇ ನಿಖರತೆಗೆ 16 ಬಿಟ್ ಬೇಕು. ಬಿಟ್ ಒಂದು ಏರಿಸಿದರೆ ತಪ್ಪು ಅರ್ಧವಾಗುತ್ತದೆ, ಫೈಲ್ ಮಾತ್ರ ಸ್ವಲ್ಪವೇ ಬೆಳೆಯುತ್ತದೆ. ಇದಕ್ಕಿಂತ ಅಗ್ಗದ ಲಾಭ ಈ ಕೆಲಸದಲ್ಲಿ ಬೇರೆ ಇಲ್ಲ.

ಬಿರುಕಿಗೂ ಮೂಲ ಇದೇ. ಪ್ರತಿ ಭಾಗಕ್ಕೂ ಬೇರೆ ಪೆಟ್ಟಿಗೆ, ಬೇರೆ ಗೆರೆಗಳು. ಎರಡು ಭಾಗ ಹಂಚಿಕೊಂಡ ಒಂದೇ ಬಿಂದು ಈ ಕಡೆ ಒಂದು ಗೆರೆಗೆ, ಆ ಕಡೆ ಇನ್ನೊಂದು ಗೆರೆಗೆ ಜಾರುತ್ತದೆ. ಜಿಎಲ್‌ಟಿಎಫ್-ಟ್ರಾನ್ಸ್‌ಫಾರ್ಮ್‌ನಲ್ಲಿ ಕ್ವಾಂಟೈಸೇಶನ್ ವಾಲ್ಯೂಮ್ ಎಂಬ ಆಯ್ಕೆಯನ್ನು ‘ಮೆಶ್’ನಿಂದ ‘ಸೀನ್’ಗೆ ಬದಲಿಸಿ. ಆಗ ನಾಲ್ಕಕ್ಕೂ ಒಂದೇ ಪೆಟ್ಟಿಗೆ. ಬಿಟ್ ಆಗ 16 ಮಾಡಬೇಕಾಗುತ್ತದೆ ಎಂಬುದು ನೆನಪಿರಲಿ. ಮುಂದಿನ ಸಲ ಭಾಗ ಮಾಡುವಾಗ ಗೋಡೆ ಮುರಿಯುವ ಮೂಲೆಯಲ್ಲೋ ಕಲ್ಲಿನ ಸಹಜ ಸಂದಿನಲ್ಲೋ ಕತ್ತರಿಸಿದರೆ ಉಳಿದ ಸಣ್ಣ ತಪ್ಪೂ ಕಣ್ಣಿಗೆ ಬೀಳುವುದಿಲ್ಲ.

ಎರಡರಲ್ಲಿ ಯಾವುದು ಎಂಬುದಕ್ಕೆ ಒಳಗಿನ ಕೆಲಸ ಸ್ವಲ್ಪ ತಿಳಿದಿರಬೇಕು. ಡ್ರಾಕೊವನ್ನು ಗೂಗಲ್ 2017ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಅದರ ತಿರುಳು ಸಂಶೋಧಕ ಜಾರೆಕ್ ರೊಸಿನ್ಯಾಕ್ 1999ರಲ್ಲಿ ಪ್ರಕಟಿಸಿದ ಎಡ್ಜ್‌ಬ್ರೇಕರ್ ವಿಧಾನ. ಕೈ ಎತ್ತದೆ ಎಳೆ ರಂಗೋಲಿ ಬಿಡುವ ಹಾಗೆ ಇದು ತ್ರಿಕೋನದಿಂದ ತ್ರಿಕೋನಕ್ಕೆ ದಾಟುತ್ತಾ ಹೋಗುತ್ತದೆ. ಪ್ರತಿ ಹೆಜ್ಜೆಗೂ ಸಿ, ಎಲ್, ಇ, ಆರ್, ಎಸ್ ಎಂಬ ಐದರಲ್ಲಿ ಒಂದು ಅಕ್ಷರ ಬರೆಯುತ್ತದೆ. ಹೊಸ ಬಿಂದು ಸಿಕ್ಕರೆ ಸಿ. ಹೆಜ್ಜೆಗಳಲ್ಲಿ ಸುಮಾರು ಅರ್ಧ ಸಿ ಆಗಿರುವುದರಿಂದ ಅದಕ್ಕೆ ಒಂದೇ ಬಿಟ್, ಉಳಿದ ನಾಲ್ಕಕ್ಕೆ ಮೂರು ಮೂರು ಬಿಟ್. ಸರಾಸರಿ ತ್ರಿಕೋನಕ್ಕೆ 2 ಬಿಟ್. ಅದುಮದ ಜಿಎಲ್‌ಬಿಯಲ್ಲಿ ಅದೇ ತ್ರಿಕೋನಕ್ಕೆ 96 ಬಿಟ್ ಹೋಗುತ್ತಿತ್ತು. ಇನ್ನು ಹೊಸ ಬಿಂದು ಎಲ್ಲಿರಬಹುದೆಂದು ಪಕ್ಕದ ತ್ರಿಕೋನವನ್ನು ಸಮಾನಾಂತರ ಚತುರ್ಭುಜವಾಗಿ ಪೂರ್ಣ ಮಾಡಿ ಊಹಿಸುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ನಯವಾದ ಮೇಲ್ಮೈಯಲ್ಲಿ ಆ ವ್ಯತ್ಯಾಸ ತೀರಾ ಸಣ್ಣದು.

ಮೆಶ್‌ಆಪ್ಟ್ ಇಷ್ಟು ಆಳಕ್ಕೆ ಹೋಗುವುದಿಲ್ಲ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಬಿಚ್ಚುವುದು ಮಾತ್ರ ಬಹಳ ವೇಗ, ಬಿಚ್ಚುವ ತಂತ್ರಾಂಶವಾದ ಡಿಕೋಡರ್ ಕೂಡ ಪುಟ್ಟದು. ಆದರೆ ಅದರ ಮೇಲೆ ಸರ್ವರ್‌ನಿಂದ ಜಿಜಿಪ್ ಅಥವಾ ಬ್ರೊಟ್ಲಿ ಎಂಬ ಸಾಮಾನ್ಯ ಕುಗ್ಗಿಸುವ ವಿಧಾನ ಹಾಕಿದರೆ ಮಾತ್ರ ಪೂರ್ತಿ ಫಲ. ಎಷ್ಟೋ ಸರ್ವರ್‌ಗಳು ಜಿಎಲ್‌ಬಿಯನ್ನು ಗುರುತಿಸದೆ ಹಾಗೇ ಕಳಿಸುತ್ತವೆ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಪುಟ ತೆರೆದು, ಆ ಫೈಲ್‌ಗೆ ‘ಕಂಟೆಂಟ್-ಎನ್‌ಕೋಡಿಂಗ್’ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಸರ್ವರ್ ಹೊಂದಿಕೆಯಲ್ಲಿ ‘ಮಾಡೆಲ್/ಜಿಎಲ್‌ಟಿಎಫ್-ಬೈನರಿ’ ಎಂಬ ಬಗೆಯನ್ನು ಕುಗ್ಗಿಸುವ ಪಟ್ಟಿಗೆ ಸೇರಿಸಿ. ನಿಮ್ಮದು ಅಲುಗದ ಕಲ್ಲಿನ ಗೋಡೆ, ನೆಟ್‌ವರ್ಕ್ ಬಡವಾಗಿದೆ. ಡ್ರಾಕೊದಲ್ಲೇ ಇರಿ.

ಪ್ರಶ್ನೆ: ನಮ್ಮ ಮಾದರಿ 6 ಎಂಬಿ ಮಾತ್ರ. ಬೇಗನೆ ಇಳಿಯುತ್ತದೆ. ಆದರೆ ಕಡಿಮೆ ಬೆಲೆಯ ಫೋನುಗಳಲ್ಲಿ ಪುಟ ಬಿಳಿಯಾಗಿ ತಾನಾಗಿ ಮತ್ತೆ ಲೋಡ್ ಆಗುತ್ತದೆ. ಏಕೆ? – ಹುಬ್ಬಳ್ಳಿಯ ಪೀಠೋಪಕರಣ ವಿನ್ಯಾಸಕರು

ಉತ್ತರ: ಇಳಿಯುವ ಗಾತ್ರ ಬೇರೆ, ಮೆಮೊರಿಯಲ್ಲಿ ಕೂರುವ ಗಾತ್ರ ಬೇರೆ. ಜೆಪೆಗ್ ಚಿತ್ರ ನೆಟ್‌ವರ್ಕ್‌ನಲ್ಲಿ 1 ಎಂಬಿ ಇದ್ದರೂ ಗ್ರಾಫಿಕ್ಸ್ ಚಿಪ್‌ಗೆ ಜೆಪೆಗ್ ತಿಳಿಯದು. ಪೂರಾ ಬಿಚ್ಚಿ, ಪಿಕ್ಸೆಲ್‌ಗೆ 4 ಬೈಟ್‌ನಂತೆ ಕೊಡಬೇಕು. 4096 × 4096 ಚಿತ್ರಕ್ಕೆ 64 ಎಂಬಿ, ದೂರದ ನೋಟಕ್ಕೆ ಬೇಕಾದ ಮಿಪ್‌ಮ್ಯಾಪ್ ಸೇರಿ 85 ಎಂಬಿ. ಬಣ್ಣ, ನಾರ್ಮಲ್, ಒರಟುತನ ಎಂದು ಮೂರು ಚಿತ್ರವಿದ್ದರೆ ಒಂದು ಕುರ್ಚಿಗೆ 255 ಎಂಬಿ ಆಯಿತು. ಫೋನ್ ತಾಳಲಾರದೆ ಪುಟವನ್ನು ಮುಚ್ಚುತ್ತದೆ.

ಕೆಟಿಎಕ್ಸ್2 ಇರುವುದೇ ಇದಕ್ಕೆ. ಅದು ಚಿಪ್‌ನ ಒಳಗೂ ಕುಗ್ಗಿದ ರೂಪದಲ್ಲೇ ಉಳಿಯುತ್ತದೆ. ಅದೇ ಚಿತ್ರ ಯುಎಎಸ್‌ಟಿಸಿಯಿಂದ ಚಿಪ್ ನೇರ ಓದುವ ಎಎಸ್‌ಟಿಸಿ ರೂಪಕ್ಕೆ ಬಂದರೆ 16 ಎಂಬಿ, ಪಾರದರ್ಶಕತೆ ಇಲ್ಲದ ಇಟಿಸಿ1ಎಸ್ ಆದರೆ 8 ಎಂಬಿ, ಮಿಪ್‌ಮ್ಯಾಪ್‌ಗೆ ಮೂರನೇ ಒಂದು ಭಾಗ ಸೇರಿಸಿಕೊಳ್ಳಿ. ಚಿತ್ರದ ಅಗಲ, ಎತ್ತರ ಎರಡೂ ನಾಲ್ಕರ ಗುಣಕವಾಗಿರಬೇಕು. ಮಾಡುವ ಮೊದಲು ಇನ್ನೊಂದನ್ನು ನೋಡಿ: ಫೋನಿನ ಪರದೆಯಲ್ಲಿ ಕುರ್ಚಿ 1,000 ಪಿಕ್ಸೆಲ್ ಎತ್ತರಕ್ಕಿಂತ ಹೆಚ್ಚು ಕಾಣುವುದಿಲ್ಲ ಎಂದಾದರೆ 4096ರ ಚಿತ್ರವೇ ಅನಗತ್ಯ. 1024ಕ್ಕೆ ಇಳಿಸಿದರೆ ಮೆಮೊರಿ ಹದಿನಾರರಲ್ಲಿ ಒಂದು ಭಾಗವಾಗುತ್ತದೆ. ಕಾಲಿನ ತಳ, ಸೀಟಿನ ಅಡಿ, ಒಳಗಿನ ಮೊಳೆ, ತಿರುಪು, ಇವಕ್ಕೆ ಟೆಕ್ಸ್ಚರ್ ಕೊಟ್ಟಿದ್ದರೆ ತೆಗೆಯಿರಿ. ಕ್ಯಾಡ್‌ನಿಂದ ಬಂದ ಮಾದರಿಯಲ್ಲಿ ತಿರುಪಿನ ಎಳೆಗಳೇ ಅರ್ಧದಷ್ಟು ತ್ರಿಕೋನ ನುಂಗಿರುವುದೂ ಉಂಟು.

ಪ್ರಶ್ನೆ: ಹಂಪಿ ಸುತ್ತಲಿನ ಡ್ರೋನ್ ಸರ್ವೆಯಿಂದ ಮೆಶ್ ಮಾಡಿ ಜಿಎಲ್‌ಬಿಗೆ ತಂದೆವು. ಹತ್ತಿರ ಹೋದಾಗ ಗೋಡೆ ನಡುಗುತ್ತದೆ, ಅಂಚುಗಳು ಹಲ್ಲುಹಲ್ಲಾಗಿವೆ. ಕುಗ್ಗಿಸಿಲ್ಲ, ಆದರೂ ಹೀಗೇಕೆ? – ಹೊಸಪೇಟೆಯ ಸರ್ವೆ ವಿದ್ಯಾರ್ಥಿ

ಉತ್ತರ: ನೀವು ಯುಟಿಎಂ ನಿರ್ದೇಶಾಂಕಗಳನ್ನು, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಕೊಡುವ ಸ್ಥಾನದ ಅಂಕಿಗಳನ್ನು, ಹಾಗೇ ಇಟ್ಟಿದ್ದೀರಿ. ಹಂಪಿ 43ನೇ ವಲಯದಲ್ಲಿದೆ. ಅಲ್ಲಿ ಉತ್ತರದ ಅಂಕಿ ಸುಮಾರು 16,95,000 ಮೀಟರ್, ಪೂರ್ವದ್ದು ಸುಮಾರು 6,56,000. ಜಿಎಲ್‌ಬಿಯ 32 ಬಿಟ್ ದಶಮಾಂಶ ಸಂಖ್ಯೆಗೆ 24 ಬಿಟ್‌ನಷ್ಟೇ ನಿಖರತೆ ಇದೆ. ಹದಿನಾರು ಲಕ್ಷದ ಮೇಲಿನ ಸಂಖ್ಯೆಯಲ್ಲಿ ಅದು ತೋರಿಸಬಲ್ಲ ಅತಿ ಸಣ್ಣ ಹೆಜ್ಜೆ 12.5 ಸೆಂಟಿಮೀಟರ್. ಆರು ಲಕ್ಷದ ಕಡೆ 6.25 ಸೆಂಟಿಮೀಟರ್. ಗೋಡೆ ಹಲ್ಲುಹಲ್ಲಾಗಿರುವುದು ಇದರಿಂದಲೇ.

ಸರ್ವೆ ಬಿಂದುಗಳ ಎಲ್ಎಎಸ್ ಫೈಲಿನಲ್ಲಿ ಈ ತೊಂದರೆ ಕಾಣದಿರಲು ಕಾರಣ, ಅದು ಪೂರ್ಣಾಂಕಗಳನ್ನು ಬರೆದು ಸ್ಕೇಲ್ ಮತ್ತು ಆಫ್‌ಸೆಟ್ ಬೇರೆ ಇಡುತ್ತದೆ. ನೀವೂ ಅದನ್ನೇ ಮಾಡಿ. ಮೆಶ್ ತಂತ್ರಾಂಶದಿಂದ ಹೊರತರುವಾಗಲೇ 6,56,000 ಮತ್ತು 16,95,000 ಕಳೆದು, ಆ ಎರಡು ಅಂಕಿಗಳನ್ನು ಪಕ್ಕದ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಜಿಎಲ್‌ಬಿ ಆದ ಮೇಲೆ ಕಳೆದರೆ ಪ್ರಯೋಜನವಿಲ್ಲ. ಹೋದ ಸೆಂಟಿಮೀಟರ್ ಹೋದದ್ದೇ.

ಪ್ರದೇಶ ನೂರಾರು ಮೀಟರ್ ಹರಡಿದ್ದರೆ ಒಂದೇ ಜಿಎಲ್‌ಬಿ ಮಾಡುವುದೂ ಸರಿಯಲ್ಲ. ಸಂಶೋಧಕ ಹ್ಯೂಗ್ ಹಾಪ್ 1996ರಲ್ಲಿ ತೋರಿಸಿದ ಪ್ರೋಗ್ರೆಸಿವ್ ಮೆಶ್‌ನಿಂದ ಬೆಳೆದು ಬಂದ ವಿಚಾರ ಇಲ್ಲಿ ಬೇಕು: ಒರಟು ಆಕಾರ ಮೊದಲು, ವಿವರ ಆಮೇಲೆ, ಅದೂ ನೋಡುತ್ತಿರುವ ಜಾಗಕ್ಕೆ ಮಾತ್ರ. ಎರಡು ದಾರಿ ಇವೆ. ಇಟಲಿಯ ಪೀಸಾದ ಸಂಶೋಧನಾಲಯ ಮಾಡಿದ ನೆಕ್ಸಸ್, ಮತ್ತು ಭೂಮಾಹಿತಿ ಮಾನಕಗಳ ಸಂಸ್ಥೆಯಾದ ಓಜಿಸಿ 2018ರಲ್ಲಿ ಸಮುದಾಯ ಮಾನಕವಾಗಿ ಒಪ್ಪಿದ ತ್ರೀಡಿ ಟೈಲ್ಸ್. ಒಂದೇ ದಟ್ಟ ಸ್ಮಾರಕಕ್ಕೆ ನೆಕ್ಸಸ್ ಸರಳ, ಎಲ್ಲವೂ ಒಂದೇ ಫೈಲ್. ಭೂಪಟದ ಮೇಲೆ ಕೂರಬೇಕಾದ ಹರವಿಗೆ ತ್ರೀಡಿ ಟೈಲ್ಸ್. ಅದನ್ನು ತೋರಿಸುವ ಸೀಸಿಯಂ ತಂತ್ರಾಂಶದಲ್ಲಿ ಪರದೆಯ ಮೇಲಿನ ತಪ್ಪಿನ ಮಿತಿ ತಾನಾಗಿ 16 ಪಿಕ್ಸೆಲ್ ಇರುತ್ತದೆ. ನೆಟ್‌ವರ್ಕ್ ಸಣ್ಣದಿದ್ದರೆ 24 ಅಥವಾ 32 ಮಾಡಿ, ತರಿಸುವ ತುಂಡುಗಳು ಕಡಿಮೆಯಾಗುತ್ತವೆ.

ನೆಕ್ಸಸ್ ಹಾಕಿದವರು ಸರ್ವರ್‌ನಲ್ಲಿ ಒಂದನ್ನು ಪರೀಕ್ಷಿಸಲೇಬೇಕು. ಅದು ಫೈಲಿನ ನಡುವಿನ ತುಣುಕನ್ನಷ್ಟೇ ಕೇಳುತ್ತದೆ. ಉತ್ತರದ ಸಂಖ್ಯೆ 206 ಬಂದರೆ ಸರಿ. 200 ಬಂದರೆ ಸರ್ವರ್ ಇಡೀ ಫೈಲನ್ನೇ ದೂಡುತ್ತಿದೆ ಎಂದರ್ಥ. ಆ ಫೈಲಿಗೆ ಜಿಜಿಪ್ ಆನ್ ಆಗಿದ್ದರೂ ತುಣುಕಿನ ಲೆಕ್ಕ ತಪ್ಪುತ್ತದೆ, ಆಫ್ ಮಾಡಿ.

ಪ್ರಶ್ನೆ: ತ್ರೀಡಿ ಪ್ರಿಂಟಿಂಗ್‌ಗೆ ಗ್ರಾಹಕರು ವಾಟ್ಸ್ಆ್ಯಪ್‌ನಲ್ಲಿ 50 ಎಂಬಿಯ ಎಸ್‌ಟಿಎಲ್ ಕಳಿಸುತ್ತಾರೆ. ಡ್ರಾಕೊ ಮಾಡಿಸಬಹುದೆ? – ಬೆಳಗಾವಿಯ ಓದುಗರು

ಉತ್ತರ: ಬೇಡ, ಸ್ಲೈಸರ್‌ಗಳು, ಅಂದರೆ ಮಾದರಿಯನ್ನು ಪದರವಾಗಿ ಕತ್ತರಿಸಿ ಪ್ರಿಂಟರ್‌ಗೆ ಕೊಡುವ ತಂತ್ರಾಂಶಗಳು, ಸಾಮಾನ್ಯವಾಗಿ ಅದನ್ನು ಓದುವುದಿಲ್ಲ. 3ಎಂಎಫ್ ರೂಪದ ಫೈಲ್ ಕೇಳಿ. ಬೈನರಿ ಎಸ್‌ಟಿಎಲ್ ತ್ರಿಕೋನಕ್ಕೆ 50 ಬೈಟ್ ತಿನ್ನುತ್ತದೆ. ನಿಮ್ಮದು 10 ಲಕ್ಷ ತ್ರಿಕೋನ. ಒಂದೊಂದು ಬಿಂದು ಸರಾಸರಿ ಆರು ತ್ರಿಕೋನಕ್ಕೆ ಸೇರಿರುವುದರಿಂದ ಆರು ಸಲ ಬರೆದಿರುತ್ತದೆ. 3ಎಂಎಫ್ ಒಮ್ಮೆ ಮಾತ್ರ ಬರೆದು ಒಟ್ಟಾರೆ ಜಿಪ್ ಮಾಡುತ್ತದೆ. ಅಳತೆಯ ಮಾನವೂ ಅದರಲ್ಲಿರುವುದರಿಂದ ಇಂಚು, ಮಿಲಿಮೀಟರ್ ಗೊಂದಲ ಇರುವುದಿಲ್ಲ. 0.4 ಮಿಲಿಮೀಟರ್ ನಾಜಲ್‌ಗೆ ಆಕಾರ 0.02 ಮಿಲಿಮೀಟರ್ ಆಚೀಚೆ ಆದರೆ ಗೊತ್ತಾಗದು. ಅಷ್ಟು ಮಿತಿ ಇಟ್ಟು ತ್ರಿಕೋನ ಇಳಿಸಿ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಬಡಿಯುವ ಹೃದಯದ ತ್ರೀಡಿ ಮಾದರಿ ತೋರಿಸಬೇಕು. ಡ್ರಾಕೊ ಹಾಕಿದರೂ 14 ಎಂಬಿಯಿಂದ 12ಕ್ಕಷ್ಟೇ ಇಳಿಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಸಿಗ್ನಲ್ ಇರುವುದೇ ಇಲ್ಲ. – ತೀರ್ಥಹಳ್ಳಿ ತಾಲ್ಲೂಕಿನ ಶಿಕ್ಷಕಿ

ಉತ್ತರ: ಮೇಡಂ, ಹೃದಯದ ಬಡಿತ ಅದರಲ್ಲಿ ಮಾರ್ಫ್ ಟಾರ್ಗೆಟ್‌ಗಳಾಗಿ ಇದೆ. ಅಂದರೆ ಬಡಿತದ ಒಂದೊಂದು ಸ್ಥಿತಿಗೂ ಇಡೀ ಆಕಾರದ ಒಂದು ಪ್ರತಿ. ಜಿಎಲ್‌ಟಿಎಫ್‌ನಲ್ಲಿ ಡ್ರಾಕೊ ಅದನ್ನು ಮುಟ್ಟುವುದಿಲ್ಲ. 20,000 ಬಿಂದುಗಳಿದ್ದರೆ ಒಂದು ಪ್ರತಿಗೆ ಸ್ಥಾನಕ್ಕೆ 240 ಕೆಬಿ, ನಾರ್ಮಲ್‌ಗೆ ಇನ್ನೊಂದು 240 ಕೆಬಿ. ನಿಮಿಷಕ್ಕೆ 75 ಬಡಿತ ಎಂದರೆ ಒಂದು ಬಡಿತ 0.8 ಸೆಕೆಂಡ್. 30 ಫ್ರೇಮ್‌ನಂತೆ 24 ಪ್ರತಿ, ಒಟ್ಟು 11.5 ಎಂಬಿ. ನಿಮ್ಮ 12 ಎಂಬಿಯ ಲೆಕ್ಕ ಇಲ್ಲಿ ಸಿಕ್ಕಿತು.

24ರ ಬದಲು 6 ಸ್ಥಿತಿ ಇಡಿ: ಹೃತ್ಕರ್ಣ ಕುಗ್ಗಿದ್ದು, ಹೃತ್ಕುಕ್ಷಿ ಕುಗ್ಗಿದ್ದು, ಸಡಿಲವಾದದ್ದು ಮತ್ತು ನಡುವಿನ ಮೂರು. ನಡುವಿನದನ್ನು ನೋಡುಗ ತಂತ್ರಾಂಶ ತಾನೇ ತುಂಬಿಕೊಳ್ಳುತ್ತದೆ. ಅಷ್ಟರಿಂದಲೇ ಈ ಭಾಗ 3 ಎಂಬಿಯ ಒಳಗೆ ಬರುತ್ತದೆ. ಆಮೇಲೆ ಡ್ರಾಕೊ ತೆಗೆದು ಮೂಲ ಫೈಲಿನಿಂದ ಮೆಶ್‌ಆಪ್ಟ್ ಹಾಕಿ, ಅದು ಮಾರ್ಫ್ ಮತ್ತು ಅನಿಮೇಶನ್ ಎರಡನ್ನೂ ಕುಗ್ಗಿಸುತ್ತದೆ.

ಸಿಗ್ನಲ್ ಇಲ್ಲದಿರುವುದಕ್ಕೆ: ಒಂದು ಹಳೆಯ ವೈಫೈ ರೂಟರ್ ಮತ್ತು ಶಾಲೆಯ ಲ್ಯಾಪ್‌ಟಾಪ್ ಸಾಕು, ಇಂಟರ್ನೆಟ್ ಬೇಕಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನ ಹಾಟ್‌ಸ್ಪಾಟ್‌ಗೆ ಎಂಟು ಸಾಧನಗಳ ಮಿತಿ ಇರುವುದರಿಂದ ರೂಟರ್ ಹೇಳುತ್ತಿದ್ದೇವೆ. ಲ್ಯಾಪ್‌ಟಾಪನ್ನು ರೂಟರ್‌ಗೆ ಸೇರಿಸಿ, ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರನ್ನು 8000ನೇ ಪೋರ್ಟಿನಲ್ಲಿ, ಮಾದರಿ ಮತ್ತು ಅದನ್ನು ತೋರಿಸುವ ಪುಟ ಇರುವ ಫೋಲ್ಡರ್‌ನಿಂದ ಶುರುಮಾಡಿ. ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಸುರಕ್ಷತೆಯ ಕಾರಣ ಹೇಳಿ ಮಾದರಿಯನ್ನು ಓದಲು ಬಿಡುವುದಿಲ್ಲ, ಆದ್ದರಿಂದ ಸರ್ವರ್ ಬೇಕೇ ಬೇಕು. ಮಕ್ಕಳು ಫೋನಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ ಹೊಡೆದು ಕೊನೆಗೆ :8000 ಸೇರಿಸಿದರೆ ಹೃದಯ ಬರುತ್ತದೆ.

ಮುಗ್ಗರಿಸುವ ಕಡೆ ಮೂರು ಇವೆ. ಪುಟ ಬಂದು ಮಾದರಿ ಬರದಿದ್ದರೆ, ಪುಟದಲ್ಲಿ ತ್ರೀಡಿ ತೋರಿಸುವ ತ್ರೀಜೆಎಸ್ ಅಥವಾ ಡಿಕೋಡರ್ ಫೈಲ್‌ಗಳನ್ನು ಇಂಟರ್ನೆಟ್ ವಿಳಾಸದಿಂದ ಕರೆದಿರುತ್ತೀರಿ. ಅವನ್ನೆಲ್ಲ ಇಳಿಸಿ ಅದೇ ಫೋಲ್ಡರ್‌ನಲ್ಲಿಟ್ಟು ವಿಳಾಸ ಬದಲಿಸಿ. ಪುಟವೇ ಬರದಿದ್ದರೆ ವಿಂಡೋಸ್ ಫೈರ್‌ವಾಲ್ ತಡೆಯುತ್ತಿದೆ, ಪೈಥಾನ್‌ಗೆ ಪ್ರೈವೇಟ್ ನೆಟ್‌ವರ್ಕ್‌ನಲ್ಲಿ ಅನುಮತಿ ಕೊಡಿ. ಒಂದಿಬ್ಬರ ಫೋನಿನಲ್ಲಿ ಮಾತ್ರ ಬರದಿದ್ದರೆ, ಆ ಫೋನ್ ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಮೊಬೈಲ್ ಡೇಟಾಗೆ ಜಾರಿದೆ. ಪಾಠ ಮುಗಿಯುವವರೆಗೆ ಡೇಟಾ ಆಫ್ ಮಾಡಿಸಿ. ತರಗತಿಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ಇಂಟರ್ನೆಟ್ ತೆಗೆದು, ಬ್ರೌಸರ್‌ನ ಕ್ಯಾಶ್ ಅಳಿಸಿ ಒಮ್ಮೆ ತೆರೆದು ನೋಡಿ. ಕ್ಯಾಶ್ ಅಳಿಸದಿದ್ದರೆ ಹಳೆಯ ಪ್ರತಿಯೇ ಕಾಣಿಸಿ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.